ಕೆಮಿಸ್ಟ್ರಿ ಮಿಸ್ಸಿನ ಸಂಜೆ ಪಾಠ

ವೈಯಾಲಿಕಾವಲ್‌ನ ನಮ್ಮ ಕೆಮಿಸ್ಟ್ರಿ ಮಿಸ್ಸು ದಿನವಿಡೀ ಕಾಲೇಜಿನಲ್ಲಿ ನಿಂತು ಪಾಠ ಮಾಡಿ ಬಂದು, ಸಂಜೆ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡೇ ನನಗೆ ಟ್ಯೂಷನ್ ಹೇಳುತ್ತಿದ್ದರು. ನಾನು ಆಕಳಿಸಿದರೆ, "ಸುಸ್ತಾಯ್ತಾ? ನಂಗೂ," ಎನ್ನುತ್ತಾ ಮುಂದಿನ ಲೆಕ್ಕ ಕೊಡುತ್ತಿದ್ದರು.

ಪಿಯುಸಿ ಓದುತ್ತಲೇ ಫಾರ್ಮಸಿ ಸೀಟಿಗಾಗಿ ಸಿಇಟಿಗೂ ತಯಾರಾಗುತ್ತಿದ್ದೆ. ಪರೀಕ್ಷೆ ಹತ್ತಿರ ಬಂದಾಗ ಒಂದು ಸಂಜೆ ಹೇಳಿಯೇಬಿಟ್ಟೆ: "ಮಿಸ್, ನನ್ ಕೈಲಾಗಲ್ಲ. ಫಾರ್ಮಸಿ ಆಸೆ ಬಿಟ್ಬಿಡ್ತೀನಿ."

"ಬಿಡು," ಎಂದರು, ಕೋಪವಿಲ್ಲದೆ. "ಇದೊಂದು ಲೆಕ್ಕ ಮುಗಿಸ್ಬಿಟ್ಟು ಹೋಗು."

ನಾನು ಲೆಕ್ಕ ಮಾಡುತ್ತಿದ್ದಂತೆ ಅವರು ಕುರ್ಚಿಯಲ್ಲೇ ನಿದ್ದೆಹೋದರು. ಉತ್ತರ ಸರಿಯಾಗಿ ಬಂತು. ಎಬ್ಬಿಸಲು ಮನಸ್ಸಾಗದೆ ಮುಂದಿನದನ್ನು ಶುರುಮಾಡಿದೆ, ಅದಾದ ಮೇಲೆ ಇನ್ನೊಂದನ್ನು.

ಕಣ್ಣುಬಿಟ್ಟವರು ಗಾಬರಿಯಿಂದ, "ಇನ್ನೂ ಇಲ್ಲೇ ಇದೀಯೇನೇ?" ಎಂದರು.

"ಇನ್ನೆರಡು ಲೆಕ್ಕ ಇದೆ ಮಿಸ್, ನೀವು ಮಲ್ಕೊಳ್ಳಿ," ಎಂದೆ.