ಭಾರವಾಗಿ ಇಳಿಯುವ ನೀರು

ಮಂಜೇಶ್ವರದ ಬಳಿಯ ಬಾಯಾರು ಊರಿನ ರೆಜಿನಾಲ್ಡ್ ಇಪ್ಪತ್ತೆರಡು ಚಳಿಗಾಲಗಳನ್ನು ಸಂಶೋಧನಾ ಹಡಗಿನಲ್ಲಿ ಕಳೆದಿದ್ದ. ಉಕ್ಕಿನ ಹಗ್ಗ ಸುತ್ತುವ ವಿಂಚ್ ಯಂತ್ರದ ಮುಂದೆ ನಿಂತು, ಬಾಟಲಿಗಳನ್ನು ಕಟ್ಟಿದ ಚೌಕಟ್ಟನ್ನು ಕಡಲಿಗೆ ಇಳಿಸುವುದು, ಎತ್ತುವುದು ಅವನ ಕೆಲಸ. ಬಾಟಲಿಗಳಲ್ಲಿ ತುಂಬಿ ಬಂದ ನೀರನ್ನು ವಿಜ್ಞಾನಿಗಳು ಒಯ್ಯುತ್ತಿದ್ದರು. ಅದರಲ್ಲಿ ಏನು ನೋಡುತ್ತಾರೆಂದು ಅವನು ಕೇಳಿದವನಲ್ಲ. ಐವತ್ತೇಳನೆಯ ವಯಸ್ಸಿಗೆ ಮೊಣಕಾಲು ಸೋತು, ಒಂದೊಂದು ಮೆಟ್ಟಿಲೂ ಗುಡ್ಡವಾಗಿತ್ತು.

ಈ ಜನವರಿಯಲ್ಲಿ ಹಡಗು ಗುಜರಾತಿನಾಚೆಯ ಕಡಲಿನಲ್ಲಿತ್ತು. ನಾಲ್ಕು ದಿನಗಳಿಂದ ಉತ್ತರದ ಒಣಗಾಳಿ ಬೀಸಿ ತುಟಿ ಒಡೆದಿತ್ತು. ಐದನೆಯ ಬೆಳಿಗ್ಗೆ ವಿಂಚಿನ ಬ್ರೇಕು ಜಾರತೊಡಗಿತು. ಕ್ಯಾಪ್ಟನ್, ಈ ಜಾಗ ಬಿಟ್ಟು ಬಂದರಿಗೆ ಹೋಗಿ ರಿಪೇರಿ ಮಾಡಿಸುವ ಎಂದರು. ರೆಜಿನಾಲ್ಡನಿಗೆ ಒಳಗೊಳಗೇ ಸಮಾಧಾನವಾಯಿತು. ಆದರೆ ವಿಜ್ಞಾನಿ ನಿಖಿತಾ, ಅವನ ಊರ ಕಡೆಯದೇ ಆದ ದೇಲಂಪಾಡಿಯ ಹುಡುಗಿ, ಡೆಕ್ಕಿನ ಮೇಲೆ ಕುಳಿತುಬಿಟ್ಟಳು.

“ಇದೊಂದು ಬಿಟ್ಟರೆ ಎಂತ ಆಗ್ತದೆ ಮೇಡಂ?” ಎಂದು ಅವನು ಮೊದಲ ಬಾರಿಗೆ ಕೇಳಿದ.

ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಒಣಗಾಳಿ ಕಡಲಿನ ಮೇಲ್ನೀರನ್ನು ಆವಿ ಮಾಡಿ ಒಯ್ಯುತ್ತದೆ; ಜೊತೆಗೆ ಬಿಸಿಯನ್ನೂ ಒಯ್ಯುತ್ತದೆ, ಉಪ್ಪನ್ನು ಬಿಟ್ಟುಹೋಗುತ್ತದೆ. ತಣಿದು ಉಪ್ಪಾದ ನೀರು ಭಾರವಾಗಿ ಕೆಳಗಿಳಿಯುತ್ತದೆ. ಆಮೇಲೆ ಬೆಚ್ಚಗಿನ ನೀರಿನಡಿ ಒಂದು ಪದರವಾಗಿ ತಿಂಗಳುಗಟ್ಟಲೆ ದಕ್ಷಿಣಕ್ಕೆ ಸರಿಯುತ್ತದೆ.

“ನಮ್ಮ ಮಂಜೇಶ್ವರದ ಕಡಲಿನ ಅಡಿಯಲ್ಲೂ ಈ ನೀರು ಉಂಟು ಅಂಕಲ್. ಹುಟ್ಟುವುದು ಮಾತ್ರ ಇಲ್ಲಿ, ಈ ಗಾಳಿ ಇರುವಾಗ. ಬಂದರಿಗೆ ಹೋಗಿ ಬರುವಾಗ ಗಾಳಿ ನಿಂತಿರ್ತದೆ.”

ರೆಜಿನಾಲ್ಡ್ ವಿಂಚಿನ ಬ್ರೇಕನ್ನು ಬಗ್ಗಿ ನೋಡಿದ. ಆಮೇಲೆ ಕ್ಯಾಪ್ಟನ್ನರ ಬಳಿ ಮೂರು ಗಂಟೆಯ ಸಮಯ ಕೇಳಿದ. ಹಡಗಿನ ಮೂಲೆಯಲ್ಲಿ ಬಳಸದೆ ಬಿದ್ದಿದ್ದ ಹಳೆಯ ವಿಂಚಿನ ಬ್ರೇಕ್ ಪಟ್ಟಿ ಬಿಚ್ಚಿ, ಉಜ್ಜಿ, ಇದಕ್ಕೆ ಕೂರಿಸಿದ. ಮೊಣಕಾಲೂರಿ ಮಾಡುವ ಕೆಲಸ. ಮುಗಿದಾಗ ಇಬ್ಬರು ಹಿಡಿದೆತ್ತಬೇಕಾಯಿತು. ಚೌಕಟ್ಟಿನ ಬದಲು ಬರೀ ಭಾರ ಕಟ್ಟಿ ಎರಡು ಸಲ ಪರೀಕ್ಷಿಸಿದ ಮೇಲೆ ಕ್ಯಾಪ್ಟನ್ ತಲೆಯಾಡಿಸಿದರು.

ತಂಪು, ಉಪ್ಪು ಅಳೆಯುವ ಉಪಕರಣವಿದ್ದ ಚೌಕಟ್ಟು ಇಳಿಯಿತು. ಮೇಲಿನಿಂದ ತೊಂಬತ್ತು ಮೀಟರಿನವರೆಗೂ ನೀರು ಒಂದೇ ತಂಪು, ಒಂದೇ ಉಪ್ಪು. ಅಂದರೆ ಮೇಲಿನ ನೀರು ಭಾರವಾಗಿ ಅಲ್ಲಿಯವರೆಗೂ ಇಳಿಯುತ್ತಲೇ ಇತ್ತು. ನಿಖಿತಾ ಆ ಅಳತೆ ಗೆರೆಯಾಗಿ ಮೂಡಿದ ಕಂಪ್ಯೂಟರಿನ ಪರದೆ ತೋರಿಸಲು ಕರೆದಳು. ಅವನು ನೋಡಿದ, ಗೆರೆ ನೆಟ್ಟಗಿದೆ ಎಂದಷ್ಟೇ ಹೇಳಿದ. ಖುಷಿಪಡುವಷ್ಟು ಶಕ್ತಿ ಉಳಿದಿರಲಿಲ್ಲ.

ಆ ಪಯಣದಲ್ಲಿ ನೀರು ತೆಗೆಯಬೇಕಿದ್ದ ಉಳಿದ ಹನ್ನೊಂದು ಜಾಗಗಳಲ್ಲೂ ಚೌಕಟ್ಟನ್ನು ಅವನೇ ಇಳಿಸಿದ. ಮಂಗಳೂರಿನಲ್ಲಿ ಇಳಿದು ಊರಿಗೆ ಬಂದು ಎರಡು ದಿನ ಮಲಗಿದ. ಮುಂದಿನ ಚಳಿಗಾಲಕ್ಕೂ ಹೋಗುತ್ತೀಯಾ ಎಂದು ಹೆಂಡತಿ ಎವ್ಲಿನ್ ಕೇಳಿದಳು. ಇಲ್ಲವೆಂದ. ನೀರು ಇಳಿಯುವುದಕ್ಕೆ ತಾನೇನೂ ಬೇಡ, ಹಗ್ಗ ಇಳಿಸುವುದಕ್ಕೆ ಬೇರೆಯವರು ಸಿಗುತ್ತಾರೆ ಎಂದು ಹೇಳಿ, ಮೊಣಕಾಲಿಗೆ ಎಣ್ಣೆ ಬಿಸಿಮಾಡಲು ಕೇಳಿದ.