ತಲೆಕಟ್ಟು ಮತ್ತು ಚಿಕ್ಕಮ್ಮನ ಬೋರ್ಡು

ನನ್ನ ಸೃಜನಶೀಲತೆ ಶುರುವಾಗುವುದೇ ಬಟ್ಟೆ ಒಗೆಯುವುದರಿಂದ. ಕ್ಲಾಸಿನಲ್ಲಿ ಹೊಸ ಪ್ರಾಜೆಕ್ಟ್ ಕೊಟ್ಟರೆಂದರೆ ಆಂಧ್ರದ ಗಡಿಯಲ್ಲಿರುವ ಹಿಂದೂಪುರದ ನನ್ನ ಹಾಸ್ಟೆಲ್ ರೂಮು ಫಳಫಳ ಹೊಳೆಯುತ್ತದೆ. ಕಸ ಗುಡಿಸಿ, ಫ್ಯಾನಿನ ಧೂಳು ಒರೆಸಿ, ಒಗೆದ ದುಪ್ಪಟ್ಟಾವನ್ನೇ ಇನ್ನೊಮ್ಮೆ ಜಾಲಾಡಿಸಿ, ಮಾಡಲು ಬೇರೇನೂ ಉಳಿಯದಿದ್ದಾಗ ಲ್ಯಾಪ್‌ಟಾಪ್ ತೆರೆಯುತ್ತೇನೆ. ಅಷ್ಟರಲ್ಲಿ ಮೈ ಹಣ್ಣಾಗಿರುತ್ತದೆ. ಗ್ರಾಫಿಕ್ ಡಿಸೈನ್ ಅಂದರೆ ಕೂತು ಮಾಡುವ ಕೆಲಸ ಎಂದು ಅಪ್ಪ ನಂಬಿದ್ದಾರೆ, ನಂಬಿಕೊಂಡಿರಲಿ.

ಈ ಸಲ ನಿಜವಾದ ಅಂಗಡಿಯೊಂದಕ್ಕೆ ತೆಲುಗು, ಕನ್ನಡ ಎರಡರಲ್ಲೂ ಬೋರ್ಡು ಮಾಡಬೇಕಿತ್ತು. ಕಲ್ಯಾಣದುರ್ಗದಲ್ಲಿ ನಮ್ಮ ಕಮಲ ಚಿಕ್ಕಮ್ಮ ಟೈಲರಿಂಗ್ ಅಂಗಡಿ ಇಡುವುದರಲ್ಲಿದ್ದಳು. ಹಿಂದೂಪುರದ ಗಾರ್ಮೆಂಟ್ಸ್‌ನಲ್ಲಿ ವರ್ಷಗಟ್ಟಲೆ ಬರೀ ಕಾಲರ್ ಹೊಲಿದವಳು ಅವಳು. ತಾನು ಹೊಲಿದ ಅಂಗಿಗೆಲ್ಲ ಇನ್ಯಾರದೋ ಹೆಸರಿನ ಪಟ್ಟಿ ಬೀಳುವುದನ್ನು ನೋಡಿ ನೋಡಿ ಸಾಕಾಗಿ ಬಿಟ್ಟು ಬಂದಿದ್ದಳು. ಅಂಗಡಿಗೆ ದೇವರ ಹೆಸರಿಡು ಎಂದು ಚಿಕ್ಕಪ್ಪ. ತನ್ನ ಹೆಸರಿಡಲಿ ಎಂದು ಅವಳ ಅತ್ತೆ. ಚಿಕ್ಕಮ್ಮ ಫೋನಿನಲ್ಲಿ ಗುಟ್ಟಾಗಿ, "ನನ್ ಹೆಸ್ರೇ ಬರ್ದ್ಬುಡು ಕಣಮ್ಮ. ಬೋರ್ಡು ಏರಿದ್ ಮ್ಯಾಲೆ ಯಾರ್ ಇಳಿಸ್ತಾರೆ?" ಅಂದಳು.

ಹೆಸರಿಗೆ ತಕ್ಕಂತೆ ಮೊದಲು ಕಮಲದ ಹೂ ಬರೆದೆ. "ಪಾರ್ಟಿ ಆಫೀಸು ಅನ್ಕಂಡು ಜನ ಬಾವುಟ ಹಿಡ್ಕಂಡು ಬಂದ್ಬುಟ್ರೆ?" ಎಂದು ಚಿಕ್ಕಮ್ಮ ಹೆದರಿದಳು. ಕತ್ತರಿ ಬರೆದರೆ ನಮ್ಮ ಸಾರ್ "ಕಟಿಂಗ್ ಶಾಪಾ?" ಎಂದರು. ಸೂಜಿ ದಾರಕ್ಕೆ, "ಏನೋ ಮಿಸ್ಸಾಗಿದೆ." ಏನು ಅಂತ ಕೇಳಿದರೆ ಕಿಟಕಿಯಾಚೆ ನೋಡುತ್ತಾರೆ. ಫೈಲುಗಳಿಗೆ 'ಫೈನಲ್', 'ಹೊಸ ಫೈನಲ್', 'ದೇವರಾಣೆ ಫೈನಲ್' ಎಂದು ಹೆಸರಿಟ್ಟು ಸಾಕಾಗಿಹೋಯಿತು.

ಕೊನೆಗೆ ಚಿತ್ರಗಳನ್ನೆಲ್ಲ ಅಳಿಸಿದ್ದು ಪ್ರತಿಭೆಯಿಂದಲ್ಲ, ಸುಸ್ತಿನಿಂದ. ಉಳಿದಿದ್ದು ಮೂರೇ ಅಕ್ಷರ, ಎರಡು ಲಿಪಿಯಲ್ಲಿ. ಸುಮ್ಮನೆ ದಿಟ್ಟಿಸುತ್ತಾ ಕೂತಾಗ ಕಂಡಿತು: ಒಂದೇ ಬಳ್ಳಿಯ ಈ ಎರಡು ಲಿಪಿಗಳ ದುಂಡು ಮೈ ಒಂದೇ, ಬೇರೆಯಾಗುವುದು ತಲೆಕಟ್ಟಿನಲ್ಲಿ. ತೆಲುಗಿನ ತಲೆಕಟ್ಟು ಮೇಷ್ಟ್ರು ಹಾಕುವ ರೈಟ್ ಗುರುತಿನಂತೆ ಚುರುಕಾಗಿ ಎದ್ದು ನಿಂತಿರುತ್ತದೆ. ಕನ್ನಡದ್ದು ಅಕ್ಷರದ ಮೇಲೆ ಉದ್ದಕ್ಕೆ ಮಲಗಿರುತ್ತದೆ. ಆ ಹೊತ್ತಿನಲ್ಲಿ ನನ್ನ ಒಲವು ಯಾವ ಕಡೆಗಿತ್ತೆಂದು ಬೇರೆ ಹೇಳಬೇಕೆ? ಮೇಲೆ ತೆಲುಗು, ಕೆಳಗೆ ಕನ್ನಡ ಇಟ್ಟು ಬಣ್ಣ ತುಂಬಿ ಕೊಟ್ಟೆ. ಸಾರ್ ನಿಟ್ಟುಸಿರಿಟ್ಟು ಪಾಸು ಮಾಡಿದರು.

ಬೋರ್ಡು ಏರುವ ದಿನ ಪೆನುಕೊಂಡದ ಮೇಲೆ ಹೋಗುವ ಬಸ್ಸಿನಲ್ಲಿ ತೂಕಡಿಸುತ್ತಾ ಕಲ್ಯಾಣದುರ್ಗ ಸೇರಿದೆ. ಮೊಳೆ ಹೊಡೆದಾಯಿತು. ಹೆಸರು ಓದಿದ ಚಿಕ್ಕಪ್ಪ ತಮ್ಮ ಅಮ್ಮನ ಮುಖ ನೋಡಿದರು. ಆ ಅಜ್ಜಿ, "ಇರ್ಲಿ ಬುಡು, ಹೊಲಿಯೋಳು ಅವ್ಳೇ ಅಲ್ವಾ" ಎಂದು ಒಳಗೆ ಹೋದರು.

ಚಿಕ್ಕಮ್ಮ ರಸ್ತೆ ದಾಟಿ ಆಚೆ ಬದಿಗೆ ನಿಂತಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಮನೆಯಲ್ಲಿ ಆಡುವುದು ಕನ್ನಡವಾದರೂ ಅವಳು ಓದಿದ್ದು ತೆಲುಗು ಸ್ಕೂಲಿನಲ್ಲಿ. ಕನ್ನಡ ಅಕ್ಷರ ಬಾರದು.

"ಮ್ಯಾಲಿರೋದು ನಾನು," ಎಂದು ಬೆರಳು ತೋರಿಸಿದಳು. "ಕೆಳ್ಗಿರೋದೂ ನಾನೇನಾ?"

"ಹೂಂ ಚಿಕ್ಕಮ್ಮ, ಅದೂ ನೀನೇ."

ಓದಲು ಬಾರದ ಆ ಸಾಲನ್ನೇ ನೋಡುತ್ತಾ ನಿಂತಳು. ನನಗೆ ಕಾಲು ಸೋತು ಕಣ್ಣು ಎಳೆಯುತ್ತಿತ್ತು. ಆದರೂ ಒಳಗೆ ಹೋಗೋಣ ಬಾ ಎನ್ನಲಿಲ್ಲ.