ಫೊಯರ್‌ಬಾಕ್‌ನಲ್ಲಿ ಕಳಚಿಕೊಟ್ಟ ಸ್ಟಾಪ್‌ವಾಚ್

ಜರ್ಮನಿಯ ಫೊಯರ್‌ಬಾಕ್‌ನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತು ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ಇಲ್ಲಿಯ ಕೆಲಸ ನೋಡಿ ಕಲಿಯಲು ಬಂದವನು, ಪೀಣ್ಯದ ನಮ್ಮ ಫ್ಯಾಕ್ಟರಿಯ ಅಭ್ಯಾಸದಂತೆ ಕೊರಳಿನ ಸ್ಟಾಪ್‌ವಾಚ್ ಹಿಡಿದು, ವಾಲ್ವ್ ಜೋಡಿಸುತ್ತಿದ್ದ ಹೆಂಗಸೊಬ್ಬಳ ಬೆನ್ನ ಹಿಂದೆ ನಿಂತೆ. ಆಕೆ ಸ್ಪ್ಯಾನರ್ ಕೆಳಗಿಟ್ಟಳು. ಪಕ್ಕದವನೂ ಇಟ್ಟ. ನೋಡನೋಡುತ್ತಿದ್ದಂತೆ ಇಡೀ ಸಾಲು ನಿಂತಿತು. ಕೆಲಸಗಾರರ ಸಮಿತಿಯ ನರೆಗಡ್ಡದವನೊಬ್ಬ ಬಂದು ಅಂಗೈ ಚಾಚಿದ. ಎಲ್ಲರೆದುರು ವಾಚು ಕೊಡಬೇಕಾಯಿತು.

“ಕೆಲಸಗಾರರನ್ನ ಕೇಳಲಾರದ ಟೈಮ್ ಹಿಡಿಯೂದು ಇಲ್ಲೆ ನಡಿಯಂಗಿಲ್ರಿ ಸರ್,” ಎಂದ ಅಲ್ಲಿಯ ಎಂಜಿನಿಯರ್, ಬಾಗಲಕೋಟೆಯ ಮಲ್ಲಿಕಾರ್ಜುನ. “ಈ ಗಡ್ಡದವರ ಮುತ್ತಜ್ಜ ಅಮೆರಿಕಾದಾಗ ಉಕ್ಕಿನ ಫ್ಯಾಕ್ಟರಿಯೊಳಗ ಇದ್ರಂತ. ಹಿಂಗ ವಾಚ್ ಹಿಡ್ಕೊಂಡು ಹಿಂದ ನಿಂತಾಗ ಸ್ಟ್ರೈಕ್ ಮಾಡಿ, ಕೆಲಸ ಕಳ್ಕೊಂಡು ಬಂದ್ರಂತ.”

“ನೂರು ವರ್ಷದ ಹಿಂದಿನ ಕತೆ ಕಣ್ರಿ ಅದು. ನಾನೇನು ಕಳ್ಳನಾ?” ಎಂದೆ.

ಮಲ್ಲಿಕಾರ್ಜುನ ಅದನ್ನೂ ಜರ್ಮನ್‌ನಲ್ಲಿ ಹೇಳಿದ. ಗಡ್ಡದವನ ಉತ್ತರ ಕೇಳಿ ತಲೆ ತಗ್ಗಿಸಿದ. “ನಿಮ್ಮೂರಾಗ ಹೆಂಗಸರನ್ನ ಕೇಳಿ ಟೈಮ್ ಹಿಡೀತೀರೇನು ಅಂತ ಕೇಳಾಕತ್ತಾರ್ರಿ.”

ಪೀಣ್ಯದಲ್ಲಿ ಇದೇ ಕೆಲಸ ಮಾಡುವ ನಮ್ಮ ರತ್ನಮ್ಮ ಟಾಯ್ಲೆಟ್ಟಿಗೆ ಹೋಗಿಬಂದ ನಿಮಿಷಗಳನ್ನೂ ಇದೇ ವಾಚಿನಲ್ಲಿ ಹಿಡಿದವನು ನಾನು. ಹನ್ನೊಂದು ವರ್ಷದಲ್ಲಿ ಅವಳು ಒಮ್ಮೆಯೂ ಸ್ಪ್ಯಾನರ್ ಕೆಳಗಿಡಲಿಲ್ಲ, ತಿರುಗಿ ನೋಡಲಿಲ್ಲ. ಪ್ರತಿ ವರ್ಷದ ಕೊನೆಗೆ ವರದಿಯಲ್ಲಿ ಅವಳ ಹೆಸರಿನ ಮುಂದೆ ‘ಒಳ್ಳೆಯ ಹೆಂಗಸು, ತಕರಾರಿಲ್ಲ’ ಎಂದು ಬರೆದವನೂ ನಾನೇ.